ಹಿಮಸಾಗರ ನೀತಿ ಮತ್ತು ನಮ್ಮೂರ ಚಂದ್ರ

ಈ ಸಲ ನಮ್ಮ ಸರ್ಕಾರಕ್ಕೆ ಉತ್ತರದ ಹಿಮಸಾಗರದ ಮೇಲೆ ಮನಸ್ಸಾಯಿತು, ನಮ್ಮೂರಿನಲ್ಲಿ ಸೂರ್ಯ ಮುಳುಗುವುದು ನಿಂತಿತು. ರೇಡಿಯೋದಲ್ಲಿ ವಿದೇಶಾಂಗ ಮಂತ್ರಿಗಳು ‘ನಮ್ಮ ದೃಷ್ಟಿ ಇನ್ನು ಮುಂದೆ ಉತ್ತರದ ಕಡೆ’ ಎಂದು ಹೇಳಿ ಮುಗಿಸುವಷ್ಟರಲ್ಲಿ, ಗುಡ್ಡದ ಹಿಂದೆ ಅರ್ಧ ಇಳಿದಿದ್ದ ಸೂರ್ಯ ಏನನ್ನೋ ಮರೆತು ಬಂದವನ ಹಾಗೆ ಮತ್ತೆ ಮೇಲೆದ್ದು ಊರಿನ ಸುತ್ತ ಪ್ರದಕ್ಷಿಣೆ ಹಾಕತೊಡಗಿದ. ಹಿತ್ತಿಲಲ್ಲಿ ಬಟ್ಟೆ ತೆಗೆಯುತ್ತಿದ್ದ ಅವ್ವ ತಲೆಯೆತ್ತಿ ನೋಡಿ, “ಮತ್ತ ಶುರು ಮಾಡಿದ್ರು ನೋಡು, ಇವರ ಹೆಣಾ ಎತ್ತಲಿ” ಅಂದವಳೇ ತೆಗೆದ ಬಟ್ಟೆಗಳನ್ನೆಲ್ಲ ವಾಪಸ್ಸು ತಂತಿಗೆ ಹಾಕಿದಳು.

ರಾಜಧಾನಿಯ ಕಣ್ಣು ಎತ್ತ ತಿರುಗುತ್ತದೋ ಅತ್ತಲಿನ ಆಕಾಶ ಬಂದು ನಮ್ಮೂರ ಮೇಲೆ ಕೂರುತ್ತದೆ. ಇದು ನಮಗೆ ಹೊಸದೇನಲ್ಲ. ನಾನು ಹುಟ್ಟಿದಾಗ ಮರಳುನಾಡುಗಳ ಜೊತೆ ಸ್ನೇಹವಿತ್ತಂತೆ. ತೊಟ್ಟಿಲ ಬಟ್ಟೆಯನ್ನು ದಿನಾ ಕೊಡವಿದರೆ ಒಂದು ಹಿಡಿ ಮರಳು ಬೀಳುತ್ತಿತ್ತಂತೆ. ನಾನು ಶಾಲೆಗೆ ಹೋಗುವ ಕಾಲಕ್ಕೆ ಪೂರ್ವದ ದ್ವೀಪಗಳು ಬಂದವು. ಮಳೆ ಹಿಡಿಯಿತು ನೋಡಿ, ಪಾಟಿಚೀಲದಲ್ಲಿ ಅಣಬೆ ಎದ್ದವು, ಒಗೆದ ಸೀರೆ ಒಣಗಿದ್ದು ಆ ಸರ್ಕಾರ ಬಿದ್ದ ಮೇಲೆಯೇ. ಬೇರೆ ಊರುಗಳನ್ನು ಬಿಟ್ಟು ನಮ್ಮೂರಿಗೇ ಯಾಕೆ ಎಂದು ಯಾರಾದರೂ ಕೇಳಿದರೆ ಅಜ್ಜಿ, “ಯಾರದರ ಅಂಗಳದಾಗ ಆಗಬೇಕಲ್ಲವಾ” ಅಂದುಬಿಡುತ್ತಿದ್ದಳು. ಅವಳಿಗೆ ಅಷ್ಟು ಸಾಕಿತ್ತು. ಅವ್ವನಿಗೆ ಸಾಕಿರಲಿಲ್ಲ.

ಮಳೆಗೆ ಕೊಡೆ ಹಿಡಿಯಬಹುದು, ಮರಳಿಗೆ ಬಾಗಿಲು ಹಾಕಬಹುದು. ಮುಳುಗದ ಸೂರ್ಯನಿಗೆ ಏನು ಮಾಡುವುದು? ಮೊದಲ ವಾರ ಹುಂಜಗಳು ಗಂಟಲು ಹರಿಯುವ ತನಕ ಕೂಗಿ, ಆಮೇಲೆ ಬೇಸತ್ತು ಕೂಗುವುದನ್ನೇ ಬಿಟ್ಟವು. ಸಂಜೆಮಲ್ಲಿಗೆ ಮೊಗ್ಗಾಗಿಯೇ ಉದುರಿತು. ಚಹಾದಂಗಡಿಯವನು ಯಾವಾಗ ಮುಚ್ಚಬೇಕೆಂದು ತಿಳಿಯದೆ, ಒಲೆಯ ಮುಂದೆಯೇ ಕೂತು ತೂಕಡಿಸಿ, ಎದ್ದು, ಮತ್ತೆ ಚಹಾ ಕುದಿಸುತ್ತಿದ್ದ. ರಾಜಧಾನಿಯಿಂದ ಪಾಟಣಕರ ಎನ್ನುವ ಸಾಹೇಬರು ‘ಆಕಾಶ ಹೊಂದಾಣಿಕೆ ಅಧಿಕಾರಿ’ಯಾಗಿ ಬಂದು, ಚಾವಡಿಯಲ್ಲಿ ಕಚೇರಿ ತೆರೆದು, ರಾತ್ರಿ ಗಂಟೆ ಎಂಬ ಪದ್ಧತಿ ತಂದರು. ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಕಿಟಕಿಗೆ ಕೌದಿ ಕಟ್ಟಿ ಮಲಗಬೇಕು. ಕೌದಿಯ ಹೊಲಿಗೆಯ ಸಂದುಗಳಿಂದ ಸೂಜಿಮೊನೆಯಂಥ ಬಿಸಿಲು ಬಂದು ಕಣ್ಣಿಗೆ ಚುಚ್ಚುತ್ತಿತ್ತು. ನಾನು ಅವನ್ನು ನಕ್ಷತ್ರ ಅಂದುಕೊಂಡು ನೋಡುತ್ತ ಮಲಗುತ್ತಿದ್ದೆ. ಅವ್ವ, “ಹರದ ಕೌದ್ಯಾಗೂ ನಿನಗ ಚಂದ ಕಾಣತೈತಿ, ಹೊಲಿಯೂದು ಮಾತ್ರ ಕಾಣಂಗಿಲ್ಲ” ಅಂತ ಗೊಣಗುತ್ತಿದ್ದಳು.

ನನಗೆ ಎಲ್ಲಕ್ಕಿಂತ ಕಿರಿಕಿರಿಯಾದದ್ದು ಬೇರೆಯದೇ. ನಾನು ಅನ್ನ ತಿಂದು ಬೆಳೆದದ್ದಕ್ಕಿಂತ ಅಜ್ಜಿಯ ಕತೆ ತಿಂದು ಬೆಳೆದದ್ದು ಹೆಚ್ಚು. ಈಗ ಕತೆ ನಿಂತುಹೋಯಿತು. ಹಗಲು ಹೊತ್ತಿನಲ್ಲಿ ಕತೆ ಹೇಳಿದರೆ ದಾರಿಯಲ್ಲಿರುವ ಸೋದರಮಾವ ದಾರಿ ತಪ್ಪುತ್ತಾನೆ ಎನ್ನುವುದು ಅವಳ ಕಟ್ಟಾ ನಂಬಿಕೆ. ಕೌದಿ ಕಟ್ಟಿ ಕತ್ತಲೆ ಮಾಡಿಕೊಡುತ್ತೇನೆ ಅಂದರೆ, “ಕೌದಿ ಕಟ್ಟಿದ್ರ ಕತ್ತಲಲ್ಲವಾ ಅದು, ಕೌದಿ” ಅನ್ನುತ್ತಿದ್ದಳು. ಇಪ್ಪತ್ತೆರಡು ವರ್ಷದ ಹುಡುಗಿ ಕತೆಗಾಗಿ ಅಜ್ಜಿಯ ಸೆರಗು ಜಗ್ಗುವುದನ್ನು ನೋಡಿ ಓಣಿಯವರು ನಗುತ್ತಿದ್ದರು. ಆದರೆ ಜಗ್ಗಿ ಕೇಳಲೂ ಬಾಯಿ ಬಾರದಂತಾದದ್ದು, ನನ್ನ ಒಬ್ಬನೇ ಸೋದರಮಾವ ನಿಜವಾಗಿಯೂ ದಾರಿ ಹಿಡಿದು ಹೋದ ಮೇಲೆ.

ಫಕೀರಪ್ಪ ಮಾವ ಬಸ್ ನಿಲ್ದಾಣದ ಖಾನಾವಳಿಯಲ್ಲಿ ಅಡಿಗೆ ಮಾಡುತ್ತಿದ್ದ. ಹಿಮಸಾಗರದ ದಂಡೆಯಲ್ಲಿ ನಮ್ಮ ದೇಶ ಒಂದು ಕೇಂದ್ರ ತೆರೆಯುತ್ತದೆ, ಅಲ್ಲಿ ಸದಾ ಬೆಳಕಿರುತ್ತದೆ, ಬೆಳಕಿನಲ್ಲಿ ನಿದ್ದೆ ಮಾಡಬಲ್ಲ ಒಬ್ಬ ಅಡಿಗೆಯವನು ಬೇಕು ಎಂದು ಪಾಟಣಕರ ಸಾಹೇಬರು ಡಂಗುರ ಹೊಡೆಸಿದರು. ಮಾವ ನಡುಮಧ್ಯಾಹ್ನ ನಿಲ್ದಾಣದ ಮೈಕಿನ ಕೆಳಗೆ ಬಾಯಿ ತೆರೆದು ಗೊರಕೆ ಹೊಡೆಯುವುದನ್ನು ಊರೇ ನೋಡಿತ್ತು. ಅವನನ್ನು ಬಿಟ್ಟು ಇನ್ನಾರನ್ನು ಆರಿಸುವುದು? ಹೋಗುವ ದಿನ ಅವನು ನಗುತ್ತಲೇ ಹೋದ. ಅಜ್ಜಿ ಅಳಲಿಲ್ಲ. ಅವನನ್ನು ಕರೆದೊಯ್ದ ಸರ್ಕಾರಿ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಹೊಸ್ತಿಲ ಮೇಲೆ ಕೂತು, ಅವನು ತಿರುಗಿ ಈ ಹೊಸ್ತಿಲು ತುಳಿಯುವ ತನಕ ಒಂದು ಸಂಕಷ್ಟಿಯನ್ನೂ ತಪ್ಪಿಸುವುದಿಲ್ಲ ಎಂದು ಗಣಪತಿಗೆ ಹರಕೆ ಕಟ್ಟಿಕೊಂಡಳು. ಸಂಕಷ್ಟಿಯ ಉಪವಾಸವನ್ನು ಚಂದ್ರನನ್ನು ನೋಡಿಯೇ ಬಿಡಬೇಕು. ನಮ್ಮೂರಿನಲ್ಲಿ ಚಂದ್ರ ಇಲ್ಲದೆ ಆಗಲೇ ಎಷ್ಟೋ ದಿನವಾಗಿತ್ತು ಎನ್ನುವುದು ಆ ಹೊತ್ತಿನಲ್ಲಿ ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಹೊಳೆದದ್ದು ಚೌತಿಯ ದಿನ, ಅಜ್ಜಿ ಕಡಬು ಬೇಯಿಸಿ, ತಟ್ಟೆಯಲ್ಲಿ ಗರಿಕೆ ಇಟ್ಟುಕೊಂಡು, ಅರ್ಘ್ಯದ ತಂಬಿಗೆ ತುಂಬಿಸಿ ಹೊಸ್ತಿಲ ಮೇಲೆ ಕೂತಾಗ. ರಾತ್ರಿ ಗಂಟೆ ಬಾರಿಸಿತು. ಸೂರ್ಯ ಹುಣಸೆಮರದ ತುದಿಯಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದ.

“ಅವ್ವಾ, ಒಳಗ ಬಾ. ಅವ ಬರೂದಿಲ್ಲ” ಅಂದಳು ನನ್ನ ಅವ್ವ.

“ಬರ್ತಾನ.”

“ಎಲ್ಲಿಂದ ಬರ್ತಾನ? ಮಂತ್ರಿ ಬ್ಯಾಡ ಅಂದಾನ.”

“ಮಂತ್ರಿ ಹುಟ್ಟೂಕಿಂತ ಮೊದಲಿಂದ ಬರಾಕತ್ತಾನ ಅವ” ಅಂದಳು ಅಜ್ಜಿ.

ಮುಂಜಾನೆಯ ಗಂಟೆ ಬಾರಿಸಿತು. ಅಜ್ಜಿ ಹೊಸ್ತಿಲು ಬಿಡಲಿಲ್ಲ, ನೀರಿನ ಹೊರತು ಏನನ್ನೂ ಮುಟ್ಟಲಿಲ್ಲ. ಮನೆಯಲ್ಲಿ ಉಪಾಯಗಳು ಶುರುವಾದವು. ಅವ್ವ ಪಾತ್ರೆಯ ಮುಚ್ಚಳವನ್ನು ಬೂದಿ ಹಚ್ಚಿ ತಿಕ್ಕಿ ಹೊಳೆಯಿಸಿ, ಹಿತ್ತಿಲ ಬೇವಿನ ಮರ ಹತ್ತಿ, ಎಲೆಗಳ ನಡುವೆ ಹಿಡಿದು, “ಅಗಾ, ಬಂದ ನೋಡು!” ಎಂದು ಕೂಗಿದಳು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, “ಚಂದ್ರಗ ಹಿಡಿಕಿ ಯಾವಾಗ ಬಂತು? ಕೆಳಗ ಇಳಿ, ಬಿದ್ದು ಸತ್ತೀ” ಅಂದಳು. ನಿಲ್ದಾಣದ ಕಂಡಕ್ಟರ್ ಯಮನೂರಿ, ಮಾವನ ಜೀವದ ಗೆಳೆಯ, ಪಕ್ಕದ ಊರಿಗೆ ಬಸ್ಸಿನ ಜೊತೆ ಹೋದವನು ಅಲ್ಲಿನ ಚಂದ್ರನ ಫೋಟೋ ಮೊಬೈಲಿನಲ್ಲಿ ಹಿಡಿದು ತಂದ. ಅಜ್ಜಿ ಮೊಬೈಲನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸ್ಸು ಕೊಟ್ಟಳು.

“ಇವ ಅವರೂರಂವ.”

“ಯವ್ವಾ, ಚಂದ್ರ ಒಬ್ಬನ ಇರ್ತಾನ. ಬಸ್ಸಿನ್ಯಾಗ ಕೂಡ್ರು, ಅರ್ಧ ತಾಸು, ಖರೇ ಚಂದ್ರನ್ನ ತೋರಿಸಿ ಕರ್ಕೊಂಡು ಬರ್ತೀನಿ.”

“ಸೂರ್ಯನೂ ಒಬ್ಬನ ಅಲ್ಲೇನಪಾ? ಅವರೂರಾಗ ಮುಳುಗಾಕತ್ತಾನ, ನಮ್ಮೂರಾಗ ಇಲ್ಲ. ನನ್ನ ಮಗ ಈ ಅಂಗಳದ ಚಂದ್ರನ್ನ ನೋಡಿ ಬೆಳದಾನ. ಅವರ ಚಂದ್ರ ಅವರ ಮಕ್ಕಳನ ಕಾಯಲಿ.”

ಯಮನೂರಿ ನನ್ನ ಕಡೆ ತಿರುಗಿ, “ನಿಮ್ಮಜ್ಜಿ ಕೂಡ ಮಾತಾಡೂದು ಅಂದ್ರ ಮುಂದಿನ ಬಾಗಲದಿಂದ ಹತ್ತಿ ಹಿಂದಿನ ಬಾಗಲದಿಂದ ಇಳಿದಂಗ. ಊರು ಮಾತ್ರ ಬರೂದಿಲ್ಲ” ಅಂದು ತಲೆ ಚಚ್ಚಿಕೊಂಡು ಹೋದ.

ಮಧ್ಯಾಹ್ನ ಅಜ್ಜಿ ಎದ್ದು ಬಚ್ಚಲಿಗೆ ಹೋಗಬೇಕೆಂದು ಒಂದು ಹೆಜ್ಜೆ ಇಟ್ಟವಳು ಹಾಗೇ ಬಾಗಿಲ ಚೌಕಟ್ಟಿಗೆ ಒರಗಿ ಕುಸಿದಳು. ಹಣೆ ತರಚಿತು. ಆಸ್ಪತ್ರೆಯ ನರ್ಸಮ್ಮ ಬಂದು ನಾಡಿ ಹಿಡಿದು, ನಾಲಗೆ ನೋಡಿ, ನಮ್ಮನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಹೊಟ್ಟೆಗೆ ಇವತ್ತು ಏನಾದರೂ ಬೀಳದಿದ್ದರೆ ಈ ಜೀವ ನಾಳೆಗೆ ಉಳಿಯುತ್ತದೆಂದು ತಾನು ಹೇಳಲಾರೆ ಅಂದಳು. ಸಲೈನು ಹಚ್ಚಲು ಹೋದರೆ ಅಜ್ಜಿ ಕೈ ಕೊಡವಿ, “ಸೂಜೀಲೆ ಉಂಡ್ರೂ ಉಂಡಂಗನ” ಅಂದುಬಿಟ್ಟಳು. ಅವ್ವ ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಎತ್ತಿ ಎತ್ತಿ ಕುಕ್ಕುತ್ತ ಮೊದಲು ಅಜ್ಜಿಯನ್ನು, ಆಮೇಲೆ ಫಕೀರಪ್ಪ ಮಾವನನ್ನು, ಕಡೆಗೆ ವಿದೇಶಾಂಗ ಖಾತೆಯನ್ನು ಬೈದಳು. ಬೈಯುತ್ತ ಬೈಯುತ್ತ ಅಳತೊಡಗಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಬೂಬಮ್ಮ ಬಂದಳು. ಬೆಳಕಿನ ಕಾಟ ಅವರ ಮನೆಗೂ ಇತ್ತು. ಆದರೆ ಅವರ ಹಿರಿಯರು ಒಂದು ಶುಕ್ರವಾರ ಕೂತು ಮಾತಾಡಿ, ನಮಾಜಿಗೆ ರೋಜಾಕ್ಕೆ ಎಲ್ಲಕ್ಕೂ ಪಕ್ಕದ ಊರಿನ ವೇಳೆ ಹಿಡಿಯುವುದೆಂದು ತೀರ್ಮಾನಿಸಿ ಎದ್ದಿದ್ದರು. ಅದನ್ನೇ ಅವಳು ಅಜ್ಜಿಗೂ ಹೇಳಿ ನೋಡಿದಳು.

“ತುಳಜಕ್ಕಾ, ನಿಮ್ಮ ದೇವರೇನು ಗಡಿಯಾರ ಹಿಡಕೊಂಡು ಕುಂತಾನೇನು? ಒಂದು ತುತ್ತು ತಿನ್ನು.”

“ನಿಮ್ಮಾಂವ ದೊಡ್ಡ ಮನಸಿನಾಂವ ಬೂಬಮ್ಮ. ನಮ್ಮ ಗಣಪ್ಪಂದು ಚಂದ್ರನ ಕೂಡ ಹಳೇ ಜಗಳ ಐತಿ. ಅವನ ಹೊಟ್ಟಿ ನೋಡಿ ಇವ ನಕ್ಕಿದ್ದ. ನಡುವ ನಾ ಹೋಗಿ ರಾಜಿ ಮಾಡಾಕ ಆಗೂದಿಲ್ಲ.”

ಬೂಬಮ್ಮ ಸೋತು, ಸೆರಗಿನೊಳಗಿಂದ ನಮ್ಮ ಹಿತ್ತಾಳೆಯ ಡಬ್ಬಿಯನ್ನು ತೆಗೆದು ನನ್ನ ಕೈಗಿಟ್ಟಳು. ಕಳೆದ ವಾರ ಅದರಲ್ಲಿ ಅವ್ವ ಚಟ್ನಿಪುಡಿ ಕೊಟ್ಟು ಕಳಿಸಿದ್ದಳು. ಮುಚ್ಚಳ ತೆಗೆದರೆ ತಳದಲ್ಲಿ ಒಂದು ಬೆಲ್ಲದ ಅಚ್ಚು. “ಖಾಲಿ ಡಬ್ಬಿ ಹೆಂಗ ಕೊಡಲಿ” ಅಂದಳು ಬೂಬಮ್ಮ, ಇಂಥ ಹೊತ್ತಿನಲ್ಲೂ.

ನಮ್ಮೂರಿನಲ್ಲಿ ಯಾರೂ ಯಾರ ಪಾತ್ರೆಯನ್ನೂ ಖಾಲಿ ಹಿಂತಿರುಗಿಸುವುದಿಲ್ಲ. ಕೊಡಲು ಏನೂ ಇಲ್ಲದವರು ನಾಲ್ಕು ಕಾಳು ಅಕ್ಕಿಯನ್ನಾದರೂ ಹಾಕುತ್ತಾರೆ. ಅಜ್ಜಿಯ ಕತೆಗಳಲ್ಲಿಯೂ ಹಾಗೆಯೇ: ರಾಕ್ಷಸಿಯ ಮನೆಯಿಂದ ಬೆಂಕಿ ತಂದವಳು ತನ್ನ ಕೂದಲನ್ನು ಕೊಟ್ಟು ಬರುತ್ತಾಳೆ, ಹಾವಿನಿಂದ ಮಣಿ ಪಡೆದವನು ತನ್ನ ನೆರಳನ್ನು ಬಿಟ್ಟು ಬರುತ್ತಾನೆ. ನಾನು ಆ ಬೆಲ್ಲವನ್ನೇ ನೋಡುತ್ತ ನಿಂತೆ. ಹಿಮಸಾಗರದವರ ಆಕಾಶ ಪೂರಾ ನಮ್ಮ ಮನೆಗೆ ಬಂದಿದೆ. ಅವರ ಡಬ್ಬಿಯಲ್ಲಿ ನಾವೇನು ಹಾಕಿ ಕಳಿಸಿದೆವು?

ಆಗ ನನಗೆ ಹಿಂದಿನ ವಾರದ ಮಾತು ನೆನಪಾಯಿತು. ಕೇಂದ್ರದಲ್ಲಿರುವವರ ಜೊತೆ ಮಾತಾಡಲು ಇದ್ದ ದಾರಿ ಒಂದೇ, ಪಾಟಣಕರ ಸಾಹೇಬರ ಮೇಜಿನ ಮೇಲಿದ್ದ ಫೋನಿನ ಪೆಟ್ಟಿಗೆ. ಅದರ ಪಕ್ಕದಲ್ಲಿ ಒಂದು ಕೆಂಪು ಗುಂಡಿ, ಗುಂಡಿಯ ಮೇಲೆ ಸದಾ ಸಾಹೇಬರ ಬೆರಳು. ಹವೆ, ಹಿಮ, ಹಡಗು, ಹೊತ್ತು, ಇವುಗಳ ಮಾತು ಬಂದರೆ ಬೆರಳು ಇಳಿಯುತ್ತದೆ, ಮಾತು ಕಡಿಯುತ್ತದೆ. ಹಿಂದಿನ ವಾರ ಮಾವ, “ಇಲ್ಲಿ ಸಂಜಿ ಆದಕೂಡ್ಲೆ ನಾನು—” ಅನ್ನುವಷ್ಟರಲ್ಲಿ ಬೆರಳು ಇಳಿದಿತ್ತು. ಸಂಜೆ! ಸೂರ್ಯ ಮುಳುಗದ ಸೀಮೆಯಲ್ಲಿ ಸಂಜೆ ಎಲ್ಲಿಂದ ಬಂತು?

ನಾನು ಅಜ್ಜಿಯ ಮುಂದೆ ಕೂತು ಹೇಳಿದೆ. “ಅಜ್ಜಿ, ನಮ್ಮ ಸಂಜಿ ಅಲ್ಲಿ ಹೋಗೇತಿ. ನಮ್ಮ ಚಂದ್ರನೂ ಅಲ್ಲೇ ಅದಾನ. ಮಾವನ ತಲೀ ಮ್ಯಾಲೆ.”

ಅಜ್ಜಿ ಒರಗಿದ್ದಲ್ಲಿಂದ ನೆಟ್ಟಗಾದಳು. ಅಡಿಗೆಮನೆಯಿಂದ ಅವ್ವ, “ಇದೊಂದು ಬಾಕಿ ಇತ್ತು! ಮುದುಕಿ ಸಾಯಾಕ ಬಿದ್ದಾಳ, ಈಕಿ ಕತಿ ಕಟ್ಟಾಕತ್ತಾಳ” ಎಂದು ಚೀರಿದಳು. ಅಜ್ಜಿ ಅವಳ ಕಡೆ ಕೈಯೆತ್ತಿ ಸುಮ್ಮನಿರಿಸಿ, “ಪದ್ಧತಿ ಪ್ರಕಾರ ನೋಡಿದ್ರ ಹುಡುಗಿ ಹೇಳೂದು ಖರೇ ಐತಿ” ಅಂದಳು. “ಆದ್ರ ನೋಡಿದಾಂವ ಹೇಳಬೇಕು. ಅವ ನೋಡಿದ್ರ ನಾ ನೋಡಿದಂಗ. ನಡೀರಿ, ಕೇಳೂಣು. ಕಡಬಿನ ಡಬ್ಬಿ ತಗೋ.”

ಯಮನೂರಿ ಬಸ್ಸನ್ನೇ ನಮ್ಮ ಓಣಿಗೆ ತರಿಸಿದ. ಒಳಗಿದ್ದ ನಾಲ್ಕಾರು ಜನ ತಕರಾರು ಮಾಡಲಿಲ್ಲ. ಬೆಳಕಿನಲ್ಲಿ ಎಲ್ಲರೂ ತೂಕಡಿಸುತ್ತಿದ್ದರು. ಚಾವಡಿಯಲ್ಲಿ ಪಾಟಣಕರ ಸಾಹೇಬರು ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ನಾವು ಅಜ್ಜಿಯನ್ನು ಎರಡೂ ಕಡೆ ಹಿಡಿದು ಒಳಗೆ ತಂದು ಕೂರಿಸಿದೆವು. ನಾನು ವಿಷಯ ಹೇಳಿದೆ. ಅವರು ಎದ್ದು ನಿಂತುಬಿಟ್ಟರು.

“ನೋಡಮ್ಮ, ಕೇಂದ್ರದ ಮೇಲೆ ಚಂದ್ರ ಮೂಡುತ್ತಾನೋ ಇಲ್ಲವೋ ಎನ್ನುವುದು ದೇಶದ ಭದ್ರತೆಯ ವಿಷಯ. ನನಗೇ ಅದನ್ನು ತಿಳಿಸಿಲ್ಲ. ಕೇಳುವ ಹಾಗಿಲ್ಲ.”

“ಚಂದ್ರ ಗುಟ್ಟೇನ್ರಿ?” ಅವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. “ಊರ ಮ್ಯಾಲೆ ನೇತಾಡೂ ಚಂದ್ರ ಗುಟ್ಟಾ? ನಮ್ಮ ಚಂದ್ರನ್ನ ನಮ್ಮನ್ನ ಕೇಳದ ಒಯ್ದೀರಿ. ಎಲ್ಲಿಟ್ಟೀರಿ ಅಂದ್ರ ಹೇಳೂದಿಲ್ಲ ಅಂತೀರಿ. ಕಳ್ಳರರ ಇಷ್ಟು ಸೊಕ್ಕಿಲೆ ಮಾತಾಡಂಗಿಲ್ಲ!”

“ಅಮ್ಮಾ, ದೂರದ ಒಂದು ಪ್ರದೇಶದಲ್ಲಿ ನಮ್ಮ ದೇಶ ಕಾಲೂರುತ್ತಿದೆ. ಸಣ್ಣಪುಟ್ಟ ತೊಂದರೆ ಸಹಿಸಬೇಕಾಗುತ್ತದೆ.”

“ಕಾಲು ಅಲ್ಲಿ ಊರ್ರಿ ಮಾರಾಯ್ರ. ನಮ್ಮ ಎದೀ ಮ್ಯಾಲೆ ಯಾಕ ಊರತೀರಿ?”

ಸಾಹೇಬರ ಕಣ್ಣು ಅಜ್ಜಿಯ ಹಣೆಯ ಮೇಲಿನ ಗಾಯದ ಕಡೆ ಹೋಯಿತು. ಅವರು ಕನ್ನಡಕ ತೆಗೆದರು. ನಿದ್ದೆಯಿಲ್ಲದೆ ಅವರ ಕಣ್ಣೂ ನಮ್ಮೆಲ್ಲರ ಕಣ್ಣಿನಂತೆಯೇ ಕೆಂಪಗಿದ್ದವು. ಕೊನೆಗೆ ಕುರ್ಚಿಯಲ್ಲಿ ಕೂತು, “ಮಗನ ಯೋಗಕ್ಷೇಮ ವಿಚಾರಿಸಬಹುದು. ಊಟ, ಆರೋಗ್ಯ. ಚಂದ್ರ ಅಂದರೆ ಕಡಿಯುತ್ತೇನೆ. ರಾತ್ರಿ ಅಂದರೂ ಕಡಿಯುತ್ತೇನೆ” ಎಂದು ಫೋನು ಹಚ್ಚಿ, ಕೆಂಪು ಗುಂಡಿಯ ಮೇಲೆ ಬೆರಳಿಟ್ಟರು.

ಚಂದ್ರನ ಹೆಸರೆತ್ತದೆ ಚಂದ್ರನ ಸುದ್ದಿ ಕೇಳುವುದು ಹೇಗೆ? ಅಜ್ಜಿಯ ಕಿವಿಯಲ್ಲಿ ಏನಾದರೂ ಹೇಳಿಕೊಡೋಣವೆಂದರೆ ನನಗೂ ಏನೂ ತೋಚಲಿಲ್ಲ. ಪೆಟ್ಟಿಗೆಯಲ್ಲಿ ಗಾಳಿಯ ಸದ್ದು ಬಂತು, ಅದರೊಳಗಿಂದ ಮಾವನ ದನಿ.

“ಅವ್ವಾ? ಇವತ್ತ್ಯಾಕ ಮಾಡೀರಿ? ಆರಾಮ ಅದೀಯಿಲ್ಲೋ?”

ಅಜ್ಜಿ ಪೆಟ್ಟಿಗೆಗೆ ಬಾಯಿ ತಾಗಿಸಿದಳು. “ಫಕೀರಾ. ನಿನ್ನಿ ಉಂಡೇನೋ?”

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು.

“ನಿನ್ನಿ ಉಪಾಸ ಇದ್ದೆ ಅವ್ವಾ.”

ಅವ್ವನೂ ನಾನೂ ಮುಖ ಮುಖ ನೋಡಿಕೊಂಡೆವು. ಈ ಮಾವ ಮನೆಯಲ್ಲಿದ್ದಾಗ ಸಂಕಷ್ಟಿಯ ದಿನ ಅಟ್ಟದ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದವನು.

“ನೀ ಉಪಾಸ ಇದ್ದಿ?” ಅಜ್ಜಿಗೂ ನಂಬಿಕೆ ಬರಲಿಲ್ಲ. “ಶೇಂಗಾ ತಿಂದಿಲ್ಲ?”

“ಇಲ್ಲಿ ಶೇಂಗಾ ಎಲ್ಲಿ ಸಿಗತಾವವಾ” ಎಂದು ನಕ್ಕ ಮಾವ. ಆಮೇಲೆ ನಗು ನಿಲ್ಲಿಸಿದ. “ಇಷ್ಟು ದೂರ ಬಂದ ಮ್ಯಾಲೆ ನಿನ್ನ ಕೂಡ ಮಾಡಾಕ ಇದೊಂದ ಉಳದೈತಿ. ಅದಕ್ಕ ಇದ್ದೆ.”

ಅಜ್ಜಿಯ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. “ಬಿಟ್ಟೇನು?”

“ಬಿಟ್ಟೆ.”

“ಹೆಂಗ ಬಿಟ್ಟಿ?”

ಸಾಹೇಬರ ಬೆರಳಿನ ಉಗುರು ಬೆಳ್ಳಗಾಯಿತು. ಮಾವನಿಗೆ ಬೆರಳು ಕಾಣುತ್ತಿರಲಿಲ್ಲ, ಆದರೆ ಹಿಂದಿನ ವಾರ ಒಮ್ಮೆ ಮಾತು ಕಡಿಸಿಕೊಂಡಿದ್ದ.

“ನೀ ಹೆಂಗ ಬಿಡತಿದ್ದಿ ಅವ್ವಾ, ಹಂಗ” ಅಂದ. “ಬಾಗಲ ಹೊರಗ ಬಂದು, ನಿಂತು, ಕೈ ಮುಗದು. ಆಮ್ಯಾಲೆ ಉಂಡೆ.”

ಅಜ್ಜಿ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನಲ್ಲೇ ತಲೆಯೆತ್ತಿ ಚಾವಡಿಯ ತೊಲೆಗೆ ಕೈ ಮುಗಿದಳು. ಅವ್ವ ಸೆರಗಿನಿಂದ ಬಾಯಿ ಒತ್ತಿ ಹಿಡಿದುಕೊಂಡಳು. ನಾನು ಡಬ್ಬಿಯ ಮುಚ್ಚಳ ತೆಗೆದು ಅಜ್ಜಿಯ ತೊಡೆಯ ಮೇಲಿಟ್ಟೆ. ಕಡಬು ಒಣಗಿ ಬಿರುಕು ಬಿಟ್ಟಿದ್ದವು.

“ಅವ್ವಾ,” ಮಾವನ ದನಿ ಬದಲಾಗಿತ್ತು. “ನೀ ಇನ್ನೂ ಉಂಡಿಲ್ಲೇನು?”

“ಈಗ ಉಣತೀನಿ. ಮೊದಲ ನೀ ಬಾಯಾಗ ಏನರ ಹಾಕ್ಕೋ. ನೀ ಅಗಿಯೂದು ನನ್ನ ಕಿವೀಲೆ ಕೇಳಬೇಕು.”

“ಇಲ್ಲಿ ಬರೇ ಬಿಸ್ಕೀಟ ಅದಾವು, ಕಲ್ಲಿನಂಥವು.”

“ಛಲೋ ಆತು. ಸಪ್ಪಳ ಬರತೈತಿ.”

ಏನೋ ಕಾಗದ ಹರಿದ ಸದ್ದಾಯಿತು. ಆಮೇಲೆ ಕಟ್ಟನೆ ಒಂದು ಸದ್ದು, ಅದರ ಹಿಂದೆ ಕರಕರ, ಕರಕರ. ಅಷ್ಟು ದೂರದ ಸೀಮೆಯಿಂದ ನನ್ನ ಸೋದರಮಾವ ಅಗಿಯುವುದು ಚಾವಡಿಯ ತುಂಬ ಕೇಳಿಸಿತು. ಅಜ್ಜಿ ಒಂದು ಕಡಬನ್ನು ಮುರಿದು ಬಾಯಿಗಿಟ್ಟುಕೊಂಡಳು. ನಾಲ್ಕೇ ಹಲ್ಲಿನಲ್ಲಿ ಅದನ್ನು ಅತ್ತ ಇತ್ತ ಹೊರಳಿಸುತ್ತ, ನುಂಗುತ್ತ, ಪೆಟ್ಟಿಗೆಯ ಕಡೆಗೆ ಕಿವಿ ಇಟ್ಟುಕೊಂಡೇ ಇದ್ದಳು. ಪಾಟಣಕರ ಸಾಹೇಬರು ಯಾವುದಾದರೂ ಮಾತು ಬಂದೀತೆಂದು ಕಾಯುತ್ತ, ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತೇ ಇದ್ದರು. ಅವರ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು.

ಅಜ್ಜಿ ಅದನ್ನು ನೋಡಿದಳು. ಬಾಯಿ ತುಂಬಿಕೊಂಡೇ ಡಬ್ಬಿಯನ್ನು ಮೇಜಿನ ಮೇಲೆ ಅವರ ಕಡೆಗೆ ಸರಿಸಿದಳು.

“ತಗೋಪಾ,” ಅಂದಳು. “ಆ ಬೆರಳ ತಗದು ತಿನ್ನು.”